ಅವಳ ಹೆಸರಿನ ಮನೆಗೆ ನಾಲ್ಕು ಫೋಟೊ

ಸರ್ಕಾರದ ಮನೆ ಕಟ್ಟೋನು ನಗೋಕೆ ಬೇರೆ ಕಡೆ ಹೋಗಬೇಕಿಲ್ಲ. ತಿಂಗಳಿಗೊಂದು ತಮಾಷೆ ತಾನಾಗೇ ಬಾಗಿಲಿಗೆ ಬರ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನೆನಪಾದಷ್ಟು ಬರೀತೀನಿ.

ನಮ್ಮದು ಕೈಲಾಂಚದ ಕಡೆ ಹಳ್ಳಿ. ಮನೆ ಮಂಜೂರಾಗಿದ್ದು ನನ್ನ ಹೆಂಡ್ತಿ ಹೆಸರಿಗೆ. ನಾಲ್ಕು ಹಂತ. ತಳಪಾಯ, ಲಿಂಟಲ್, ಚಾವಣಿ, ಪೂರ್ತಿ. ಒಂದೊಂದು ಹಂತಕ್ಕೂ ಪಂಚಾಯ್ತಿ ಬಿಲ್ ಕಲೆಕ್ಟರ್ ಬಂದು ಫೋನಲ್ಲಿ ಫೋಟೊ ಹೊಡೀತಾನೆ. ಮನೆ ಯಾರ ಹೆಸರಿಗೈತೋ ಅವರು ಮುಂದೆ ನಿಂತಿರಬೇಕು. ಫೋಟೊ ಹೋದ್ರೆ ಮುಂದಿನ ಕಂತು. ಇಲ್ಲದಿದ್ರೆ ಮನೆ ಅಲ್ಲೇ ನಿಲ್ತದೆ.

ತಳಪಾಯ

ಫೋನು ಮನೆ ಜಾಗ ಎಲ್ಲಿ ಅಂತ ಹುಡುಕ್ತು. ಅದು ತೋರಿಸಿದ ಕಡೆ ಬಿಲ್ ಕಲೆಕ್ಟರ್ ನಡೆದ. ಹಿಪ್ಪುನೇರಳೆ ತೋಟ ದಾಟಿದ. ಕೆರೆ ಏರಿ ಹತ್ತಿದ. ಅಲ್ಲಿಂದ ಕೂಗಿದ, "ಅಕ್ಕ, ನಿಮ್ಮ ಮನೆ ಕೆರೆ ಮಧ್ಯದಲ್ಲಿ ತೋರಿಸ್ತೈತೆ."

ಹೆಂಡ್ತಿ ತಳಪಾಯದ ಕಲ್ಲಿನ ಮೇಲೆ ಕೂತಿದ್ಲು. ಏಳಲಿಲ್ಲ.

"ನೀರು ಹೊರೋದು ತಪ್ತು ಬುಡಪ್ಪ," ಅಂದ್ಲು.

ಲಿಂಟಲ್

ನಮ್ಮ ಗೋಡೆ ಲಿಂಟಲ್‌ಗೆ ಬಂತು. ಪಕ್ಕದ ಸೈಟಿನವನದು ಇನ್ನೂ ತಳಪಾಯ. "ಅಣ್ಣ, ಒಂದು ಫೋಟೊಕ್ಕೆ ನಿಮ್ಮ ಗೋಡೆ ಕೊಡಿ," ಅಂದ. ಕೊಟ್ಟೆ. ಗೋಡೆ ಏನು ಸವೀತದಾ? ಅವನ ಹೆಂಡ್ತಿ ಸೆರಗು ಹೊದ್ದು ನಿಂತ್ಲು. ಬಿಲ್ ಕಲೆಕ್ಟರ್‌ಗೆ ಊಟದ ಅವಸರ, ಫೋಟೊ ಹೊಡೆದುಕೊಂಡು ಹೋದ.

ಎಂಟು ದಿನಕ್ಕೆ ತಾಲ್ಲೂಕಿಂದ ಸಾಹೇಬರೇ ಬಂದ್ರು. ನಮ್ಮದೊಂದು, ಅವನದೊಂದು, ಎರಡು ಫೋಟೊ ತೋರಿಸಿದ್ರು. ಎರಡರಲ್ಲೂ ಒಂದೇ ಮೇಕೆ, ನಮ್ಮನೇದು, ಅದೇ ಗೂಟದಲ್ಲಿ.

ಪಕ್ಕದವನು ತಲೆ ಕೆರೆದ. "ಸ್ವಾಮಿ, ಅದು ಮೇಯೋಕೆ ನಮ್ಮ ಕಡೆ ಬಂದಿತ್ತು."

ಸಾಹೇಬರು ನಿಧಾನಕ್ಕೆ ಕೇಳಿದ್ರು, "ಗೋಡೇನೂ ಮೇಯೋಕೆ ಬಂದಿತ್ತಾ?"

ಮೋಡ

ಚಾವಣಿಗೆ ತಡವಾಯ್ತು. ನನ್ನ ಹೆಂಡ್ತಿಗೆ ಅದೇ ಇಷ್ಟ ಅನ್ಸುತ್ತೆ. ಮಧ್ಯಾಹ್ನ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದು, ಆ ನಾಲ್ಕು ಗೋಡೆ ನಡುವೆ ಚಾಪೆ ಹಾಸಿ ಮಲಗೋಳು. ನಾನೂ ಪಕ್ಕದಲ್ಲಿ. ಮೇಲೆ ಆಕಾಶ, ನಮ್ಮನೆ ಅಳತೆಗೆ ಕತ್ತರಿಸಿದಂಗೆ. ಒಂದು ಗೋಡೆಯಿಂದ ಮೋಡ ಒಳಗೆ ಬರೋದು, ಇನ್ನೊಂದು ಗೋಡೆಯಿಂದ ಆಚೆಗೆ ಹೋಗೋದು. ಇಲ್ಲೇ ಹಾಲು ಉಕ್ಕಿಸಬೇಕು ಅಂತ ಒಂದು ಸಲ ಮೂಲೆ ತೋರಿಸಿದ್ಲು. ಅಷ್ಟೆ.

ಬಿಲ್ ಕಲೆಕ್ಟರ್ ಕಿಟಕಿ ಜಾಗದಿಂದ ಇಣುಕಿದ. "ಅಕ್ಕ, ಚಾವಣಿ ಯಾವಾಗ? ತಡಕ್ಕೆ ಕಾರಣ ಬರೀಬೇಕು."

"ಒಸಿ ತಡಿಯಪ್ಪ. ಆ ಮೋಡ ದಾಟ್ಲಿ," ಅಂದ್ಲು, ಕಣ್ಣು ಮೇಲೇ ಇತ್ತು.

ಅವನು ಬರಕೊಂಡ. ಹವಾಮಾನ ಸರಿ ಇಲ್ಲ ಅಂತ.

ಕಾರಣ

ಚಾವಣಿಗೆ ಮೋಲ್ಡ್ ಹಾಕೋಕೆ ಮುಂಚೆ ಅವಳು ತೀರ್ಕೊಂಡ್ಲು. ಜ್ವರ, ಆರು ದಿನ.

ಚಾವಣಿ ನಾನು ಹಾಕಿಸಿದೆ. ಫೋಟೊಕ್ಕೆ ನಿಲ್ಲೋಕೆ ಅವಳಿಲ್ಲ. ಮನೆ ನನ್ನ ಹೆಸರಿಗೆ ಬದಲಾಯ್ಸಬೇಕು, ಒಂದು ಸೈನು ಸಾಕು ಅಂದ್ರು. ನಾಳೆ ಅಂದೆ. ಎಷ್ಟೋ ತಿಂಗಳು ನಾಳೆ ಅಂದೆ. ಆ ಕಾಗದದಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೀತಾರೆ.

ಅವಳ ಫೋನಿಗೆ ಈಗಲೂ ದಿನಾ ಚಾರ್ಜು ಹಾಕ್ತೀನಿ. ಒಂದಿನ ಅದು ಬಡ್ಕೊಳ್ತು. ಬೆಂಗಳೂರಿಂದ ಒಬ್ಬ ಹೆಣ್ಣುಮಗಳು.

"ಫಲಾನುಭವಿ ಇದ್ದಾರಾ?"

"ತೀರ್ಕೊಂಡ್ಲು ಕಣವ್ವ."

ಆ ಕಡೆ ಏನೋ ಟಕಟಕ ಒತ್ತಿದ ಸದ್ದು. ಆಮೇಲೆ, "ಮನೆ ತಡ ಆಗಿರೋದಕ್ಕೆ ಕಾರಣ ಹೇಳಿ ಸರ್. ಮರಳು ಇಲ್ಲ ಅಂದ್ರೆ ಒಂದು ಒತ್ತುತ್ತೀನಿ. ಗಾರೆಯವರಿಲ್ಲ ಅಂದ್ರೆ ಎರಡು."

"ಹೆಂಡ್ತಿ ಇಲ್ಲ ಅನ್ನೋದಕ್ಕೆ?"

"ಅದು ಇಲ್ಲ ಸರ್."

"ಹಂಗಾದ್ರೆ ಹತ್ರದ್ದು ಯಾವುದಾದ್ರೂ ಒತ್ತವ್ವ."

ಎರಡು ಒತ್ತಿದ್ಲು. ಮಾರನೆ ದಿನ ಪಂಚಾಯ್ತಿಯವರು ಅಕ್ಕೂರಿಂದ ಒಬ್ಬ ಗಾರೆಯವನನ್ನ ಕಳಿಸಿದ್ರು.

ಚಾವಣಿ

ಕೊನೆಗೆ ನೋಟೀಸು ಬಂತು. ಈ ತಿಂಗಳು ಫೋಟೊ ಆಗದಿದ್ರೆ ಮನೆ ರದ್ದು. ಅವಳು ತೋರಿಸಿದ ಮೂಲೇಲಿ ಹಾಲು ಉಕ್ಕದೇ ಹೋಗ್ತದೆ. ರಾಮನಗರಕ್ಕೆ ಬಸ್ಸಲ್ಲಿ ಹೋಗಿ ಸೈನು ಹಾಕಿದೆ. ನನ್ನ ಹೆಸರು ಎರಡು ಸಾಲು ಹಿಡೀತು.

ಬಿಲ್ ಕಲೆಕ್ಟರ್ ಬಂದ. ಕಟ್ಟು ಹಾಕಿಸಿದ ಅವಳ ಫೋಟೊ ಎದೆಗೆ ಹಿಡ್ಕೊಂಡು ಮನೆ ಮುಂದೆ ನಿಂತೆ. ಅವನು ಫೋನು ಎತ್ತಿದ, ಇಳಿಸಿದ.

"ಯಜಮಾನ್ರೆ, ಇಬ್ಬರಿದ್ದೀರ ಅಂತೈತೆ ಇದು. ಒಂದೇ ಮುಖ ಇರಬೇಕಂತೆ."

"ಇಬ್ಬರೇ ಅಲ್ವ ಸ್ವಾಮಿ."

"ನಂಗೊತ್ತು. ಇದಕ್ಕೆ ಹೆಂಗೆ ಹೇಳ್ಲಿ? ಅಕ್ಕನ್ನ ಒಸಿ ಒಳಗೆ ಬುಟ್ಟು ಬನ್ನಿ."

ಒಳಗೆ ಹೋದೆ. ಬಾಗ್ಲ ಜಾಗಕ್ಕೆ ಎದುರಿನ ಗೋಡೆಗೆ ಒರಗಿಸಿ ಇಟ್ಟೆ. ಕಿಟಕಿಯಿಂದ ಬಂದ ಬಿಸಿಲು ಅವಳ ಮೊಕದ ಮೇಲೆ ಬಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅವನು ಕರೆಯೋವರ್ಗೂ.

ಆಚೆ ಬಂದು ನಿಂತೆ. ಅವನು ಮತ್ತೆ ಫೋನು ಎತ್ತಿದ. ತಿರುಗಿಸಿ ನನಗೇ ತೋರಿಸಿದ. ನನ್ನ ಮೊಕದ ಸುತ್ತ ಒಂದು ಹಸಿರು ಚೌಕ. ನನ್ನ ಹೆಗಲ ಹಿಂದೆ, ಮನೆ ಒಳಗೆ, ಇನ್ನೊಂದು.

"ಒಳಗಿಂದ್ಲೂ ನೋಡ್ತಾ ಅವ್ರೆ," ಅಂದ. "ಬಾಗ್ಲು ಹಾಕ್ಬುಡಿ ಯಜಮಾನ್ರೆ."

"ಬಾಗ್ಲಿಗೆ ದುಡ್ಡು ಬರೋದು ಈ ಫೋಟೊ ಆದ್ಮೇಲೆ ತಾನೆ ಸ್ವಾಮಿ," ಅಂದೆ.