ನಳದ ಮುಂದಿನ ಮಣೆ

ನಮ್ಮ ಓಣಿಯಲ್ಲಿ ದಿನಾ ನೀರು ಬರುತ್ತದೆ. ಬೆಳಿಗ್ಗೆ ಎದ್ದು ನಳ ತಿರುವಿದರೆ ಸಾಕು, ಬಂತೇ ಬಂತು. ಇಂಥ ಕಷ್ಟ ನನ್ನ ವೈರಿಗೂ ಬೇಡ.

ನಗಬೇಡಿ. ಶಹಾಪುರಕ್ಕೂ ಸುರಪುರಕ್ಕೂ ನಡುವೆ ಬಸ್ಸು ನಿಂತರೂ ನಿಲ್ಲದಿದ್ದರೂ ನಡೆಯುವಂಥ ಊರು ನಮ್ಮದು. ಅಲ್ಲಿ ಲಾಲಪ್ಪ ಟೇಲರ್ ಅಂದರೆ ನಾನೇ. ಮೊದಲು ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರಿನ ಪಾಳಿ ಬರುತ್ತಿತ್ತು. ಪಾಳಿಯ ದಿನ ನನ್ನ ಹೆಂಡತಿ ದುರಗಮ್ಮ ನಳದ ಮುಂದೆ ಮಣೆ ಹಾಕಿಕೊಂಡು ಕೂರುವಳು. ನಾನು ಹೊಲಿಗೆ ಮಷೀನು ಬಿಟ್ಟು ಎದುರಿಗೆ ಕಟ್ಟೆಯ ಮೇಲೆ. ನೀರು ಯಾವಾಗ ಬರುತ್ತವೆ ಅನ್ನುವುದು ನೀರು ಬಿಡುವ ಜಲಾಲುದ್ದೀನನಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಕಾಯುವುದು. ಕಾಯುತ್ತಾ ಮಾತು. ನನ್ನ ತಾಯಿ ಅವಳ ಸೀಮಂತದಲ್ಲಿ ಅಂದದ್ದು, ಅವಳ ಅಣ್ಣ ನಮ್ಮ ಮದುವೆಯಲ್ಲಿ ಉಂಡದ್ದು, ಹುಣಸಗಿಗೆ ಕೊಟ್ಟ ಮಗಳು ಫೋನಿನಲ್ಲಿ ಹೇಳದೆ ಬಿಟ್ಟದ್ದು, ಎಲ್ಲಾ ಅಲ್ಲೇ ಇತ್ಯರ್ಥ. ಜಗಳ ಒಂದು ಹದಕ್ಕೆ ಬಂದಾಗ ನಳ ಸುಂಯ್ ಅನ್ನುತ್ತಿತ್ತು. ಅವಳು "ಕೊಡಾ ತರ್ರೀ, ನೀರು ಹೊಂಟಾವ!" ಅಂತ ಕೂಗಿದರೆ ಮೂರು ಓಣಿಯ ಗಂಡಸರು ತಮ್ಮ ತಮ್ಮ ಕೊಡ ಹುಡುಕುತ್ತಿದ್ದರು. ನಾನಂತೂ ಓಡುತ್ತಿದ್ದೆ. ನಮ್ಮ ಸಂಸಾರದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತದ್ದು ಅಂದರೆ ಆ ನಳದ ಮುಂದೆಯೇ.

ಈ ಸುಖಕ್ಕೆ ಕಲ್ಲು ಹಾಕಿದವನು ಬೇರೆ ಯಾರೂ ಅಲ್ಲ, ನಾನೇ. ಪಟ್ಟಣ ಪಂಚಾಯ್ತಿ ಮೆಂಬರ್ ಆಗಬೇಕೆಂದು ನನಗೆ ಮಹದಾಸೆ ಇತ್ತು. ಚುನಾವಣೆ ಬಂತು, ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಅದರಿಂದೇನು? ಹೆಸರು ಹೆಂಡತಿಯದು, ದರ್ಬಾರು ಗಂಡನದು ಅನ್ನುವುದು ನಮ್ಮ ಕಡೆ ನಡೆದುಬಂದ ಪದ್ಧತಿ. ದುರಗಮ್ಮನನ್ನು ನಿಲ್ಲಿಸಿದೆ. ಓಣಿ ಓಣಿ ತಿರುಗಿ ಕೈಮುಗಿದೆ. ಗೆದ್ದ ದಿನವೇ ಬಿಳಿ ಖಾದಿ ಶರ್ಟು ಹೊಲಿದುಕೊಂಡೆ. (ಕಿಸೆ ಮಾತ್ರ ಸ್ವಲ್ಪ ದೊಡ್ಡದು ಇಟ್ಟಿದ್ದೆ. ಪೆನ್ನು ಇಡಲಿಕ್ಕೆ ಸ್ವಾಮಿ, ತಪ್ಪು ತಿಳಿಯಬೇಡಿ.)

ಮೊದಲ ಸಭೆಗೆ ಇಬ್ಬರೂ ಹೋದೆವು. ನಾನು ಮುಂದಿನ ಕುರ್ಚಿ ಹಿಡಿದೆ. ಮುಖ್ಯಾಧಿಕಾರಿಗಳು ಕನ್ನಡಕದ ಮೇಲಿಂದ ನೋಡಿ "ತಾವು ಯಾರ್ರಿ?" ಅಂದರು. "ನಾ ಮೆಂಬರ್ ಮನಿಯವ ರೀ" ಅಂದೆ. ಅವರು ಬಾಯಿ ತೆರೆಯುವ ಮೊದಲೇ ನನ್ನ ಧರ್ಮಪತ್ನಿ ಹೇಳಿದಳು:

"ನೀವು ಮನಿಗೆ ನಡೀರಿ. ಹಾಲು ಒಲಿ ಮ್ಯಾಲಿಟ್ಟು ಬಂದೀನಿ, ಉಕ್ಕಿ ಹೋದಾವು."

ಅಂದಿನಿಂದ ನಾನು ಹಾಲು ನೋಡಿಕೊಳ್ಳುವ ಖಾತೆಯ ಸಚಿವ.

ಅವಳು ಊರು ನೋಡಿಕೊಂಡಳು. ಬೀದಿ ದೀಪ ಹತ್ತಿದವು. ಗಟಾರ ಹರಿಯಿತು. ಟ್ಯಾಂಕರಿಗೆ ಸುರಿಯುವ ರೊಕ್ಕದಲ್ಲಿ ಹಳೆಯ ಮೋಟರು ರಿಪೇರಿ ಮಾಡಿಸಬಹುದೆಂದು ಜಗಳಾಡಿ, ಮಾಡಿಸಿ, ನಮ್ಮ ವಾರ್ಡಿಗೆ ದಿನಾ ನೀರು ತಂದಳು. ಓಣಿಯವರು ಅವಳ ಕೊರಳಿಗೆ ಹಾರ ಹಾಕಿದರು. ನಾನೂ ಚಪ್ಪಾಳೆ ಹೊಡೆದೆ. ಮರುದಿನ ಬೆಳಿಗ್ಗೆ ನಳ ತಿರುವಿದೆ, ನೀರು ಬಂತು, ಕೊಡ ತುಂಬಿತು, ಮುಗಿಯಿತು. ಎದುರಿಗೆ ಯಾರೂ ಇರಲಿಲ್ಲ. ಮಣೆ ಅಟ್ಟ ಸೇರಿತು.

ಮನೆಯಲ್ಲೂ ಪಂಚಾಯ್ತಿಯ ಭಾಷೆಯೇ ಬಂತು. "ಬಿಸಿ ರೊಟ್ಟಿ ತಿಂದು ಭಾಳ ದಿನ ಆತು ನೋಡು" ಅಂದರೆ, "ಸದ್ಯಕ್ಕ ಒಣಾ ಕಟಕ ರೊಟ್ಟಿ ಮ್ಯಾಲ ನಡಸ್ರಿ. ಮುಂದಿನ ಸಭಾದಾಗ ನೋಡೋಣು" ಅನ್ನುವಳು. ಬೆಣ್ಣೆ ಕೇಳಿದರೆ, "ಆ ಬಾಬ್ತಿಗೆ ಅನುದಾನ ಬಂದಿಲ್ರಿ." ಜಗಳಕ್ಕೆ ಕರೆದರೂ ಬರಲಿಲ್ಲ. "ನಿಮ್ಮ ಅಣ್ಣ ನಮ್ಮ ಮದುವ್ಯಾಗ ಎಷ್ಟು ಉಂಡ, ನೆಪ್ಪೈತೇನು?" ಅಂತ ಕೆಣಕಿದೆ. "ಉಂಡಿರಬೇಕು ಬಿಡ್ರಿ" ಅಂದು ಚಪ್ಪಲಿ ಮೆಟ್ಟಿ ಹೋಗಿಬಿಟ್ಟಳು. ಅವತ್ತು ನನಗೆ ನಿಜವಾಗಿಯೂ ಅಳು ಬಂತು. ಅವಳು ರೊಟ್ಟಿ ಬಡಿಯುವ ಸದ್ದು, ಬಳೆಯ ಸದ್ದು, ಕಡೆಗೆ ಬೈಗುಳ, ಒಂದೂ ಇಲ್ಲದೆ ಮನೆ ಭಣಭಣ ಅನ್ನುತ್ತಿತ್ತು. ಮಷೀನಿನ ಮುಂದೆ ಕೂತರೆ ಕಾಲು ತಾನಾಗಿ ನಿಲ್ಲುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಜಲಾಲುದ್ದೀನ ಎಂದಿನಂತೆ ವಾಲ್ವು ತಿರುವುವ ಕಬ್ಬಿಣದ ಕೀಲಿಯನ್ನು ನನ್ನ ಅಂಗಡಿಯ ಮೂಲೆಗೆ ಒರಗಿಸಿ ಊಟಕ್ಕೆ ಹೋದ. ವಾಲ್ವು ಇರುವುದು ನಮ್ಮ ಮನೆಯ ಮುಂದೆಯೇ, ಫರಸಿ ಕಲ್ಲಿನ ಕೆಳಗೆ. ನನ್ನ ತಲೆಯಲ್ಲಿ ಬೆಳಕು ಹತ್ತಿತು. ನೀರು ನಿಂತರೆ ಕಾಯಬೇಕು. ಕಾಯುವುದಾದರೆ ಮಣೆ ಬೇಕು. ಮಣೆ ಬಂದರೆ ದುರಗಮ್ಮ ಬರಲೇಬೇಕು. ಒಂದೇ ಒಂದು ದಿನ, ಆಮೇಲೆ ನಾನೇ ತಿರುವಿ ಬಿಟ್ಟರಾಯಿತು. ಯಾರಿಗೆ ಏನು ನಷ್ಟ?

ಊಟಕ್ಕೆ ಹೋದ ಜಲಾಲುದ್ದೀನ ಒಂದು ನಿದ್ದೆ ಮುಗಿಸಿಯೇ ಬರುವವನು. ಮೊದಲು ನೀರು ತುಂಬಿಕೊಂಡೆ. ನಂತರ ಹೊರಗೆ ಬಂದೆ. ನಮ್ಮ ಕಡೆಯ ಬಿಸಿಲಿಗೆ ಆ ಹೊತ್ತಿನಲ್ಲಿ ನಾಯಿಯೂ ಓಣಿಯಲ್ಲಿ ನಿಲ್ಲುವುದಿಲ್ಲ. ಕಲ್ಲು ಸರಿಸಿ, ಕೀಲಿ ಹಾಕಿ ತಿರುವಿದೆ. ವಾಲ್ವು ಗಟ್ಟಿಯಾಗಿತ್ತು, ನಾನೂ ಗಟ್ಟಿಯಾದೆ. ಕಟಕ್ ಅಂದಿತು. ಭದ್ರವಾಗಿ ಮುಚ್ಚಿತು ಅಂದುಕೊಂಡು ಕಲ್ಲು ಎಳೆದು, ಕೀಲಿಯನ್ನು ಮತ್ತೆ ಮೂಲೆಗೆ ಒರಗಿಸಿ, ಅಟ್ಟದಿಂದ ಮಣೆ ಇಳಿಸಿ, ತೊಳೆದು ಒಣಗಿಸಿದೆ.

ಅಂದು ರಾತ್ರಿ ತಡವಾಗಿ ಬಂದ ದುರಗಮ್ಮ ಅಡುಗೆಮನೆಗೆ ಕಾಲಿಡದೆ ಮಲಗಿಬಿಟ್ಟಳು. ಮರುದಿನ ಬೆಳಗಾಯಿತು. ಮೊದಲು ಕೂಗಿದವಳು ಎದುರುಮನೆಯ ಇಮಾಮಬೀ. ಓಣಿಗೆಲ್ಲಾ ಹಿರಿಯ ಜೀವ, ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲಾ ಗಟ್ಟಿ.

"ಯಾ ಅಲ್ಲಾ! ದುರಗಮ್ಮಾ, ಬೇಟೀ, ನಳದಾಗ ಹನಿ ನೀರು ಬರವಲ್ವು!"

ಒಂದು ಕ್ಷಣದಲ್ಲಿ ಓಣಿಯ ಹೆಂಗಸರೆಲ್ಲಾ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಲ್ಲಿ. ನಾನು ಮಣೆಯನ್ನು ನಳದ ಮುಂದೆ ಹಾಕಿ, ಎದುರಿಗೆ ನನ್ನ ಜಾಗದಲ್ಲಿ ಕೂತೆ. ಮದುವೆಯ ಗಂಡಿನಂತೆ ಕಾಲರು ಸರಿಮಾಡಿಕೊಂಡೆ. ದುರಗಮ್ಮ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಕಿವಿಗೆ ಫೋನು ಹಚ್ಚಿ ಹೊರಗೆ ಬಂದಳು.

"ಕುಂದ್ರು ಬಾ. ನೀರು ಬರೋತನಕ ಕಾಯೋಣು" ಅಂದೆ.

"ಕುಂದ್ರಾಕ ವ್ಯಾಳ್ಯಾ ಎಲ್ಲೈತ್ರಿ? ಹನ್ನೊಂದಕ್ಕ ಬಜೆಟ್ ಸಭಾ ಐತಿ. ಜಲಾಲುದ್ದೀನಗ ಬಾ ಅಂದೀನಿ."

"ಹಾಂಗಾರ ನಾ ಕುಂದ್ರತೀನಿ ಬೇಟೀ" ಅಂದ ಇಮಾಮಬೀ ಮಣೆಯ ಮೇಲೆ ಕೂತೇಬಿಟ್ಟಳು. ಕೂತವಳು ನನ್ನ ಕಡೆ ತಿರುಗಿ "ಕ್ಯಾ ಲಾಲಪ್ಪಾ, ಈ ಮೊಣಕಾಲು ಹೋದ ರಂಜಾನಿನಿಂದ..." ಅಂತ ಶುರು ಮಾಡಿದಳು. ನಾನು ಹೂಂ ಅಂದೆ. ಬೇರೆ ಏನು ಅನ್ನಲಿ?

ಜಲಾಲುದ್ದೀನ ಬಂದು ಕಲ್ಲು ಎತ್ತಿ ಬಗ್ಗಿ ನೋಡಿ ತಲೆ ಚಚ್ಚಿಕೊಂಡ. "ಯಾರೋ ಇದಕ್ಕ ಕೈ ಹಾಕ್ಯಾರ್ರಿ ಮೆಂಬರ್! ತಿರುವಿ ತಿರುವಿ ಮುರದ ಬಿಟ್ಟಾರ. ಶಹಾಪುರದಿಂದ ಸಾಮಾನು ತರಬೇಕು. ಮಧ್ಯಾಹ್ನ ದಾಟ್ತೈತ್ರಿ."

ಮುರಿದಿದೆಯೇ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ನನ್ನ ಅಂಗೈ ನೋಡಿಕೊಂಡೆ. ಗುಳ್ಳೆ ಎದ್ದಿತ್ತು. ಕೈಯನ್ನು ಕಿಸೆಯೊಳಗೆ ಇಟ್ಟೆ. (ಕಿಸೆ ದೊಡ್ಡದಿದ್ದದ್ದು ಈಗ ಉಪಯೋಗಕ್ಕೆ ಬಂತು.)

"ಟ್ಯಾಂಕರ್ ತರಸ್ರಿ ಮತ್ತ" ಅಂದರು ಯಾರೋ.

ದುರಗಮ್ಮನ ಮುಖ ಸಣ್ಣದಾಯಿತು. ಆಗ ನನಗೆ ಹೊಳೆಯಿತು, ನಾನು ಎಂಥ ಘನಕಾರ್ಯ ಮಾಡಿದ್ದೇನೆಂದು. ಟ್ಯಾಂಕರಿನ ಖರ್ಚು ಪೂರಾ ನಿಲ್ಲಿಸಿ, ಉಳಿದ ವಾರ್ಡುಗಳಿಗೂ ಹೊಸ ಮೋಟರು ಕೂರಿಸಬೇಕೆಂದು ಅವಳು ಅವತ್ತಿನ ಸಭೆಯಲ್ಲಿ ಕೇಳುವವಳಿದ್ದಳು. ಅದಕ್ಕಾಗಿ ಎಷ್ಟು ಮನೆ ತಿರುಗಿದ್ದಳೋ, ಎಷ್ಟು ಮಂದಿಯ ಬಾಯಿಗೆ ಬಿದ್ದಿದ್ದಳೋ. ಸ್ವತಃ ಅವಳ ಓಣಿಗೇ ಟ್ಯಾಂಕರು ಬಂದು ನಿಂತರೆ ಅವಳ ಮಾತನ್ನು ಯಾರು ಕೇಳಿಯಾರು? ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅವಳು ಒಂದು ಗುಟುಕು ನೀರಿಗೆಂದು ಒಳಗೆ ಹೋದಳು. ಆಮೇಲೆ ಕರೆ ಬಂತು.

"ರೀ. ಒಳಗ ಬರ್ರಿ."

ಅಡುಗೆಮನೆಯ ನಡುವೆ ನಿಂತಿದ್ದಳು. ಸುತ್ತಲೂ ನೀರು. ಕೊಡ, ಹಂಡೆ, ಬಕೀಟು ಸರಿ. ಕುಕ್ಕರಿನಲ್ಲಿ ನೀರು. ಚಹಾದ ಕಿಟ್ಲಿಯಲ್ಲಿ ನೀರು. ಮಜ್ಜಿಗೆಯ ಗಡಿಗೆ, ಹಿಟ್ಟು ನಾದುವ ಪರಾತ, ಎಣ್ಣೆ ಮುಗಿದ ಡಬ್ಬಿ, ಎಲ್ಲದರಲ್ಲೂ ಗಂಟಲುಮಟ್ಟ ನೀರು. ಬಚ್ಚಲಲ್ಲಿ ಎರಡು ಪೀಪಾಯಿ ಬೇರೆ. ಎಂಟು ದಿನದ ಪಾಳಿಯಲ್ಲಿ ಬೆಳೆದ ಜೀವ ನನ್ನದು. ನೀರು ಹೋಗುತ್ತವೆ ಅಂದರೆ ಕೈ ಕೇಳುತ್ತದೆಯೇ? ಕಳ್ಳತನಕ್ಕೆ ಹೊರಟವನು ಮನೆಗೆ ದೀಪ ಹಚ್ಚಿಟ್ಟು ಹೋದಂತೆ, ಎಲ್ಲಾ ತುಂಬಿಟ್ಟಿದ್ದೆ.

"ದಿನಾ ನೀರು ಬರೋ ಓಣ್ಯಾಗ ದೇವರ ಮುಂದಿನ ತಂಬಗಿ ಸೈತ ತುಂಬಿ ಇಟ್ಟೀರಲ್ರೀ?"

"ರೂಢಿ ನೋಡು..."

"ಹೌದ್ಹೌದು. ನೀರು ಹೋಗ್ತಾವ ಅಂತ ಗೊತ್ತಿದ್ದವರಿಗೆ ಆ ರೂಢಿ ನೆಪ್ಪಾಗ್ತೈತಿ. ಕೈ ತೋರಸ್ರಿ."

ತೋರಿಸಿದೆ. ಗುಳ್ಳೆ ನೋಡಿದಳು. ಕಿಟಕಿಯಿಂದ ಹೊರಗೆ ನೋಡಿದಳು. ಅಲ್ಲಿ ತೊಳೆದ ಮಣೆ, ಅದರ ಮೇಲೆ ಇಮಾಮಬೀ.

"ಯಾಕ ಮಾಡಿದ್ರಿ?"

"ನೀ ಆ ಮಣಿ ಮ್ಯಾಲ ಕುಂತು ಭಾಳ ದಿನ ಆಗಿತ್ತು" ಅಂದೆ. ಸುಳ್ಳು ಹೇಳುವಷ್ಟು ಧೈರ್ಯ ಉಳಿದಿರಲಿಲ್ಲ.

ಅವಳು ಸೆರಗು ಸರಿಮಾಡಿಕೊಂಡಳು, ಸರಿಯಿದ್ದದ್ದನ್ನೇ ಇನ್ನೊಮ್ಮೆ ಸರಿಮಾಡಿಕೊಂಡಳು. ಬೈಯುತ್ತಾಳೆ ಅಂತ ಆಸೆಯಿಂದ ಕಾದೆ. ಬೈಯದೆ ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತು ಸಾರಿದಳು:

"ಟ್ಯಾಂಕರ್ ಬ್ಯಾಡ. ನಮ್ಮ ಮನಿಯವರು ಭಾಳ ಮುಂದಾಲೋಚನಿ ಮನಿಷ್ಯಾ. ಇಂಥಾ ವ್ಯಾಳ್ಯಾ ಬಂದೀತು ಅಂತ ಓಣಿಗೆಲ್ಲಾ ಸಾಲೋ ಅಷ್ಟು ನೀರು ಹಿಡದಿಟ್ಟಾರ. ನೀವ್ಯಾರೂ ಹೊರಬ್ಯಾಡ್ರಿ. ಮನಿ ಮನಿಗೆ ಅವರಽ ತಂದು ಕೊಡ್ತಾರ."

"ಅಲ್ಲಾ ನಿನಗ ಒಳ್ಳೇದು ಮಾಡ್ಲಿ ಲಾಲಪ್ಪಾ!" ಅಂದಳು ಇಮಾಮಬೀ ಕೂತಲ್ಲಿಂದಲೇ. "ಮೊದಲ ನಮ್ಮನಿಗೆ ತಾರಪ್ಪಾ."

ಮೆಂಬರ್ ಸಭೆಗೆ ಹೋದಳು. ನಾನು ಹೊತ್ತೆ. ಕೊಡ ಹೊತ್ತೆ, ಹಂಡೆ ಹೊತ್ತೆ, ಕುಕ್ಕರನ್ನು ಮುಚ್ಚಳ ಸಮೇತ ಹೊತ್ತೆ. ಒಬ್ಬರಾದರೂ ಪಾತ್ರೆ ಬರಿದು ಮಾಡಿ ಕೊಡಲಿಲ್ಲ. "ಇರ್ಲಿ ಬಿಡ್ರಿ ಅಣ್ಣಾ, ಸಂಜಿಗೆ ಕೊಡ್ತೀವಿ" ಅಂದರು. ಸೊಂಟ ಹಿಡಿಯಿತು, ಖಾದಿ ಶರ್ಟು ಬೆನ್ನಿಗೆ ಅಂಟಿತು. ನಡುನಡುವೆ ಉಸಿರು ಬಿಡಲು ಕಟ್ಟೆಗೆ ಬಂದರೆ ಇಮಾಮಬೀಯ ಮೊಣಕಾಲು ತಯಾರಿರುತ್ತಿತ್ತು. ಬಲಗಾಲು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಎಡಗಾಲು.

ಬಿಸಿಲು ಇಳಿಯುವ ಹೊತ್ತಿಗೆ ಜಲಾಲುದ್ದೀನ ಸಾಮಾನು ತಂದು ಗುಂಡಿಯಲ್ಲಿ ಇಳಿದ. ಇಮಾಮಬೀ ನಮಾಜಿಗೆಂದು ಎದ್ದು ಒಳಗೆ ಹೋದಳು. ಆಟೋ ಬಂದು ನಿಂತಿತು. ದುರಗಮ್ಮ ಇಳಿದು ಸೀದಾ ಬಂದಳು. ಬಂದು, ಮಣೆಯ ಮೇಲೆ ಕೂತಳು!

"ಮೋಟರಿಗೆ ಮಂಜೂರಾತ್ರಿ" ಅಂದಳು. ಮುಖ ಬಾಡಿತ್ತು, ಕಣ್ಣು ನಗುತ್ತಿತ್ತು. "ಹೂಂ. ಕುಂತೀನಿ. ಹೇಳ್ರಿ ಈಗ."

ಎಷ್ಟು ದಿನದಿಂದ ಕೂಡಿಟ್ಟ ಮಾತು! ಒಂದೂ ನೆನಪಾಗಲಿಲ್ಲ ನೋಡಿ. ಅವಳ ಮುಖ ನೋಡುತ್ತಾ ಕೂತೆ. ಕೂದಲಲ್ಲಿ ಬಿಳಿ ಯಾವಾಗ ಬಂದಿತ್ತೋ, ನಾನು ನೋಡಿಯೇ ಇರಲಿಲ್ಲ.

"ನಿಮ್ಮ ಅಣ್ಣ..." ಅಂದೆ ಕೊನೆಗೆ.

"ಏನಾತು ನಮ್ಮ ಅಣ್ಣಗ? ಮದುವ್ಯಾಗ ನಾಕು ಹೋಳಿಗಿ ಹೆಚ್ಚಿಗಿ ಉಂಡಿದ್ದಕ್ಕ ಇನ್ನೂ ಹೊಟ್ಟಿ ಉರಿಯಾಕತ್ತೈತೇನು ನಿಮಗ?"

ಆಹಾ! ನನ್ನ ಜೀವ ತಂಪಾಯಿತು. ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ಆ ದರಿದ್ರ ನಳ ಸುಂಯ್ ಅಂದಿತು. ಜಲಾಲುದ್ದೀನ ಜನ್ಮದಲ್ಲಿ ಒಮ್ಮೆಯೂ ಇಷ್ಟು ಬೇಗ ಕೆಲಸ ಮುಗಿಸಿದವನಲ್ಲ. ದುರಗಮ್ಮ ಎದ್ದು ನಿಂತು ಹಳೆಯ ಗಂಟಲಿನಲ್ಲೇ ಕೂಗಿದಳು:

"ಕೊಡಾ ತರ್ರೀ, ನೀರು ಹೊಂಟಾವ!"

ನಾನು ಓಡಿದೆ. ಒಳಗೆ ಹೋಗಿ ನೋಡಿದರೆ ಒಂದು ಕೊಡ ಇಲ್ಲ. ಕೊಡ ಇರಲಿ, ಒಂದು ಲೋಟವೂ ಇಲ್ಲ. ಎಲ್ಲಾ ಓಣಿಯ ಪಾಲಾಗಿದ್ದವು. ಹಿತ್ತಲ ಬಾಗಿಲಿನಿಂದ ಹೊರಬಿದ್ದು ಮನೆ ಮನೆ ತಿರುಗಿದೆ. ಎರಡು ಕಂಕುಳಲ್ಲಿ ಎರಡು ಕೊಡ, ತಲೆಯ ಮೇಲೆ ಪರಾತ ಹೊತ್ತು ಬರುವಷ್ಟರಲ್ಲಿ ನಳ ಬಂದ್ ಆಗಿತ್ತು. ಮಣೆ ಖಾಲಿ. ಆಟೋ ಇಲ್ಲ.

"ಫೋನ್ ಬಂತಪ್ಪಾ, ಹೋದ್ಲು" ಅಂದಳು ಇಮಾಮಬೀ ಬಾಗಿಲಿನಿಂದ. "ನಿನಗೊಂದು ಮಾತು ಹೇಳು ಅಂದಾಳ. ಮಣಿ ಒಳಗ ಇಡಬ್ಯಾಡ್ರಿ ಅಂತ ಹೇಳು ಅಂದ್ಲು."

ಮಣೆ ಒಳಗೆ ಇಡಬೇಡಿ! ಓದುಗರೇ, ಗಂಡಸಾಗಿ ಹುಟ್ಟಿದ ಮೇಲೆ ಇಂಥ ಒಂದು ಮಾತು ಕೇಳಿ ಸಾಯಬೇಕು. ನಾನು ಮಣೆಯನ್ನು ಮತ್ತೊಮ್ಮೆ ಒರೆಸಿದೆ. ಅರ್ಧ ಲೀಟರ್ ಹಾಲು ಹೆಚ್ಚಿಗೆ ತಂದಿಟ್ಟೆ. ಬೆಳಿಗ್ಗೆ ಬೇಗ ಎದ್ದು, ಗಡ್ಡ ಮಾಡಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಎರಡು ಕಪ್ಪು ಚಹಾ ಹಿಡಿದು ಹೊರಗೆ ಬಂದೆ.

ದುರಗಮ್ಮ ಮಣೆಯ ಮೇಲೆ ಕೂತಿದ್ದಳು. ಎದುರಿಗೆ ಕಟ್ಟೆಯ ಮೇಲೆ, ನನ್ನ ಜಾಗದಲ್ಲಿ, ಇಮಾಮಬೀ. ಅವಳ ಹಿಂದೆ ಓಣಿಯ ತುದಿಯವರೆಗೆ ವಾರ್ಡಿನ ಮಂದಿ ಪಾಳಿ ಹಚ್ಚಿ ನಿಂತಿದ್ದರು.

"ಇನ್ನ ಮ್ಯಾಲೆ ದಿನಾ ಮುಂಜಾನಿ ಒಂದು ತಾಸು ಇಲ್ಲೇ ಕುಂತು ದೂರು ಕೇಳ್ತೀನ್ರಿ" ಅಂದಳು ನನ್ನ ಕೈಯಿಂದ ಎರಡೂ ಕಪ್ಪು ತೆಗೆದುಕೊಂಡು. ಒಂದನ್ನು ಇಮಾಮಬೀಗೆ ಕೊಟ್ಟಳು. "ನಿಮ್ಮ ಕಣ್ಣಿಗೆ ನಾ ಬಿದ್ದಂಗೂ ಆಗ್ತೈತಿ. ಉಳದವರಿಗೂ ಚಹಾ ತರ್ರಿ."

ತಂದೆ. ಎಲ್ಲರಿಗೂ ಕೊಟ್ಟೆ. ಆಮೇಲೆ ಏನಾದರೂ ಆಗಲಿ ಅಂತ ಪಾಳಿಯ ಬಾಲಕ್ಕೆ ಹೋಗಿ ನಿಂತೆ. ಬಿಸಿಲು ಏರಿತು. ನನ್ನ ಸರದಿ ಬಂತು. ಅವಳು ತಲೆ ಎತ್ತಲಿಲ್ಲ.

"ಯಾವ ಓಣಿಯವ್ರಿ?"

"ಇದಽ ಓಣಿ ರೀ."

"ಏನು ತೊಂದ್ರಿ?"

"ಮನ್ಯಾಗ ಹೆಂಡ್ತಿ ಇರವಲ್ಲಳ್ರೀ ಮೆಂಬರ್."

ಇಮಾಮಬೀಗೆ ಚಹಾ ನೆತ್ತಿಗೇರಿತು. ದುರಗಮ್ಮ ಈಗ ತಲೆ ಎತ್ತಿದಳು. ತುಟಿ ಕಚ್ಚಿ ನಗು ನುಂಗಿದಳು. ಎದ್ದು ಚಪ್ಪಲಿ ಮೆಟ್ಟುತ್ತಾ ಹೇಳಿದಳು:

"ಇದು ದೊಡ್ಡ ಕಾಮಗಾರಿ ಐತ್ರಿ. ಒಂದ ದಿನಕ್ಕ ಮುಗಿಯಂಗಿಲ್ಲ. ದಿನಾ ಬಂದು ಪಾಳಿ ಹಚ್ರಿ."

ದಿನಾ ಹಚ್ಚುತ್ತಿದ್ದೇನೆ. ಇವತ್ತು ನನ್ನ ಮುಂದೆ ಇನ್ನೊಬ್ಬನೇ ಉಳಿದಿದ್ದ, ಅಷ್ಟರಲ್ಲಿ ಅವಳಿಗೆ ಫೋನು ಬಂತು.