ಕಾಕಾ ರೆಂಡರ್ ಮಾಡಿದ ಕೆಂಪು

ನಮ್ಮ ಕಾಕಾನ ಪ್ರಕಾರ ಈ ಜಗತ್ತಿನ ಎಲ್ಲ ತೊಂದರೆಗಳಿಗೂ ಕಾರಣ ಒಂದೇ: ಯಾರೋ, ಎಲ್ಲೋ, ಸೆಟ್ಟಿಂಗ್ ತಪ್ಪಿಟ್ಟಿದ್ದಾರೆ! ಸಾರಿಗೆ ಉಪ್ಪು ಹೆಚ್ಚಾಯಿತೇ? "ಸೆಟ್ಟಿಂಗ್ ನೋಡ್ ತಂಗಿ." ಹುನಗುಂದದ ಬಸ್ಸು ತಡವಾಯಿತೇ? "ಡ್ರೈವರಂದು ಸೆಟ್ಟಿಂಗ್ ತಪ್ಪೈತಿ."

ಕಾಕಾ ಎಂದರೆ ನನ್ನ ಯಜಮಾನರ ಚಿಕ್ಕಪ್ಪ. ಇಳಕಲ್ಲಿನ ನಮ್ಮ ಮನೆಯ ಹಿಂದಿನ ಅಂಗಳದಲ್ಲಿ ನೂಲಿಗೆ ಬಣ್ಣ ಹಾಕುತ್ತಲೇ ಆಯುಷ್ಯ ಕಳೆದವರು. ಕೆಲಸ ಬಿಟ್ಟಿದ್ದರೂ ಉಗುರಿನ ಸಂದಿಯ ಕೆಂಪು ಇನ್ನೂ ಹೋಗಿಲ್ಲ. ಅವರು ಬಣ್ಣ ಹಾಕಿದ ನೂಲನ್ನು ಸೀರೆ ಮಾಡಿದವರು ಅವರ ಹೆಂಡತಿ, ನಮ್ಮ ಕಾಕು. ಈಚೆಗೆ ಕಾಕುವಿನ ಮೊಣಕಾಲುಗಳು ಮಗ್ಗದ ಕುಣಿಗೆ ಇಳಿಯಲು ಒಲ್ಲೆ ಎಂದವು. ಮಗ್ಗ ಬಿಚ್ಚುವ ಮೊದಲು ಅವರು ನೇಯ್ದ ಕಡೆಯ ಸೀರೆಯನ್ನು, ಕೆಂಪು ಸೆರಗಿನಲ್ಲಿ ಬಿಳಿಯ ತೆನೆ ಚಿತ್ತಾರಗಳು ಏಳುವ ತನಕ, ಕಾಕಾ ತಮ್ಮ ಹೊಸ ಫೋನಿನಲ್ಲಿ ಹಿಡಿದಿಟ್ಟರು.

"ಇದರದೊಂದು ವಿಡಿಯೋ ಮಾಡ್ತೇನಿ. ನಿಮ್ಮ ಕಾಕು ನೋಡಿ, 'ಹೌದು, ಇದು ನಮ್ಮ ಕೆಂಪು' ಅನ್ಬೇಕು. ಅಷ್ಟಾದ್ರ ಸಾಕು ನನಗ" ಎಂದರು.

ಅಷ್ಟಾದರೆ ಸಾಕಂತೆ! ಹೆಂಡತಿಯ ಬಾಯಿಂದ ಒಂದು 'ಹೌದು' ಬರಿಸುವುದು ಸಣ್ಣ ಕೆಲಸವೇ? ಯಾವ ಗಂಡಸನ್ನಾದರೂ ಕೇಳಿ ನೋಡಿ.

ವಿಡಿಯೋ ಜೋಡಿಸಲು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶ ಅವರಿಗೆ ಬೇಡ. ಯಾರು ಬೇಕಾದರೂ ಬಳಸುವ, ಬಲ್ಲವರು ಬಂದು ತಿದ್ದುವ ಮುಕ್ತ ತಂತ್ರಾಂಶವೇ ಬೇಕು. "ಇದು ದಾಸೋಹ ಇದ್ದಂಗ ತಂಗಿ. ಯಾರು ಬಂದ್ರೂ ಊಟ ಐತಿ, ಕೈ ಬರೋರು ಅಡಿಗಿಗೂ ನಿಂದರಬಹುದು!"

"ಊಟ ಪುಕ್ಕಟೆ ಖರೆ. ಬಡಸೋರು ಯಾರೂ ಕಾಣವಲ್ಲರಲ್ಲ" ಎಂದರು ಕಾಕು, ಒಳಗಿನಿಂದ.

ಖರೆ ಪರೀಕ್ಷೆ ಶುರುವಾದದ್ದು ರೆಂಡರಿಂಗ್‌ನಿಂದ. ಜೋಡಿಸಿದ ತುಣುಕುಗಳನ್ನೆಲ್ಲ ಕಂಪ್ಯೂಟರು ಅರೆದು, ಕಲಸಿ, ಒಂದೇ ವಿಡಿಯೋ ಮಾಡಿ ಕೊಡುವುದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಅದು ಮುಗಿಯುವ ತನಕ ನಮ್ಮ ಮನೆಯಲ್ಲಿ ಮಿಕ್ಸಿ ಹಚ್ಚುವಂತಿಲ್ಲ, ಇಸ್ತ್ರಿ ಮಾಡುವಂತಿಲ್ಲ. ಲೋಡು ಬೀಳುತ್ತದಂತೆ! ಟೇಬಲ್ ಫ್ಯಾನೂ ಕಂಪ್ಯೂಟರಿಗೇ. ನಾವು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳಬೇಕು. ಒಮ್ಮೆ ಪಕ್ಕದ ಮನೆಯ ಬೀಬಿ ಬಂದರು. ಕತ್ತಲೆ ಕೋಣೆ, ಬಾಗಿಲಲ್ಲಿ ಕೈಕಟ್ಟಿ ಕುಳಿತ ಕಾಕಾ, ಒಳಗೆ ಸುಂಯ್ ಎಂಬ ಸದ್ದು. ಪಾಪ, ಚಪ್ಪಲಿ ದೂರ ಬಿಟ್ಟು ಪಿಸುದನಿಯಲ್ಲಿ ಕೇಳಿದರು:

"ಯಾರಿಗೆ ಆರಾಮಿಲ್ರೀ?"

"ಯಾರಿಗೂ ಏನೂ ಆಗಿಲ್ಲವಾ. ರೆಂಡರ್ ಆಗಾಕತ್ತೈತಿ."

ಬೀಬಿ ಏನು ತಿಳಿದುಕೊಂಡರೋ! ಸಂಜೆ ಒಂದು ಡಬ್ಬಿ ಗಂಜಿ ಕಳಿಸಿದರು.

ಅಂತೂ ಮೊದಲ ವಿಡಿಯೋ ಹುಟ್ಟಿತು. ಅದರ ಆರಂಭಕ್ಕೆ ಕಾಕಾ ಬಾದಾಮಿಯ ಕೆರೆಯ ಮೇಲಿನ ಸಂಜೆಯ ಆಕಾಶ ಹಾಕಿದ್ದರು. ಆದರೆ ಆ ಆಕಾಶದ ತುಂಬ ಪಟ್ಟೆಗಳು! ಒಂದು ಬಣ್ಣ ಇನ್ನೊಂದರಲ್ಲಿ ಕರಗದೆ ಗೆರೆ ಎಳೆದಂತೆ ನಿಂತಿತ್ತು.

"ಅಲ್ರೀ, ಆಕಾಶಕ್ಕೂ ಸೀರಿ ದಡಿ ಹಚ್ಚೀರೇನು?" ಎಂದರು ಕಾಕು. "ಮತ್ತ ಈ ಸೆರಗಿನ ಬಣ್ಣ ನಮ್ಮದಲ್ಲ. ಮಂಕಾಗೇತಿ."

ಕಾಕಾ ಅಂದು ಊಟಕ್ಕೆ ಏಳಲಿಲ್ಲ. ತಾವೇ ಹಾಕಿದ ಬಣ್ಣ, ಕಾಕುವೇ ನೇಯ್ದ ಸೀರೆ. ಅದನ್ನು ಅವರೇ ಗುರುತಿಸದಿದ್ದರೆ?

ಮರುದಿನ ಕಾಕಾ ನನ್ನನ್ನು ಕಂಪ್ಯೂಟರಿನ ಬಳಿಗೆ ಕರೆದರು. ಆ ತಂತ್ರಾಂಶ ಬಳಸುವವರದೊಂದು ಅಂತರ್ಜಾಲದ ಕಟ್ಟೆಯಿದೆ. ತೊಂದರೆ ಬರೆದರೆ ದೇಶದೇಶದವರು ಉತ್ತರ ಕೊಡುತ್ತಾರೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ನನ್ನ ಇಂಗ್ಲಿಷು, ಹಾಲಿನವನ ಲೆಕ್ಕಕ್ಕೂ ಬೇಡವಾಗಿದ್ದದ್ದು, ಕಡೆಗೆ ಕೆಲಸಕ್ಕೆ ಬಂತು. "ಮೊದಲ ಶರಣು ಶರಣಾರ್ಥಿ ಅಂತ ಬರಿ" ಎಂದರು ಕಾಕಾ. ಬರೆದೆ. ಗುರುತಿಲ್ಲದ ಯಾವನೋ ಪುಣ್ಯಾತ್ಮ ತಾನೂ ಶರಣು ಶರಣಾರ್ಥಿ ಹೇಳಿಯೇ ಉತ್ತರ ಶುರು ಮಾಡಿದ್ದ!

ಅವನು ಹೇಳಿದ್ದಿಷ್ಟು. ಫೋನು ಹಿಡಿದದ್ದು ಹತ್ತು ಬಿಟ್‌ನಲ್ಲಿ, ಕಾಕಾ ರೆಂಡರ್ ಮಾಡಿದ್ದು ಎಂಟು ಬಿಟ್‌ನಲ್ಲಿ. ಬಣ್ಣದ ಆಳವೇ ಕಡಿಮೆಯಾಗಿತ್ತು. ಜೊತೆಗೆ ಬಣ್ಣದ ವ್ಯಾಪ್ತಿಯ ಸೆಟ್ಟಿಂಗೂ ತಪ್ಪಿ, ಕಪ್ಪೆಲ್ಲ ಬೂದುಬಣ್ಣವಾಗಿತ್ತು. ಕಾಕಾ ಅದನ್ನು ಕಾಕುಗೆ ಬಿಡಿಸಿ ಹೇಳಿದರು: "ನೋಡ, ಬಾದಾಮಿ ಗುಡ್ಡಾ ಏರಾಕತ್ತೀ ಅಂತ ತಿಳಿ. ಎಂಟು ಬಿಟ್ ಅಂದ್ರ ಎತ್ತರೆತ್ತರ ಮೆಟ್ಟಲ, ಒಂದೊಂದೂ ಕಣ್ಣಿಗಿ ಹೊಡಿತಾವ. ಹತ್ತು ಬಿಟ್ ಅಂದ್ರ ಸಣ್ಣಸಣ್ಣ ಮೆಟ್ಟಲ, ಹತ್ತಿದ್ದ ಗೊತ್ತಾಗಂಗಿಲ್ಲ."

"ಹಂಗಾದ್ರ ಸಣ್ಣವನ್ನ ಮಾಡ್ರಿ. ನನ್ನ ಮೊಣಕಾಲಿಗೂ ಚಲೋ."

ವ್ಯಾಪ್ತಿಯನ್ನೂ ಸರಿಪಡಿಸಿ, ಹತ್ತು ಬಿಟ್ಟಿಗೆ ಏರಿಸಿದರು. ಮತ್ತೆ ಫ್ಯಾನು, ಮತ್ತೆ ಮಿಕ್ಸಿಗೆ ಉಪವಾಸ. ಈ ಸಲ ಆಕಾಶ ನುಣ್ಣಗೆ ಕರಗಿತು. ಸೆರಗಿನ ಕೆಂಪು ಹೇಗೆ ಬಂತೆಂದರೆ, ಮುಟ್ಟಿದರೆ ಬೆರಳಿಗೆ ಹತ್ತೀತು! ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಾಕು ಕಣ್ಣು ಕಿರಿದು ಮಾಡಿ ನೋಡಿದರು.

"ಚಲೋ ಐತಿ. ಆದ್ರ ಬಿಳಿ ತೆನಿ ಹಳದಿ ಕಾಣ್ತಾವ. ಕೆಂಪೂ ನಮ್ಮದಲ್ರಿ."

ಸುಳ್ಳು ಹೇಳಿ ಗಂಡನನ್ನು ಸಮಾಧಾನ ಮಾಡುವ ಜಾತಿಯಲ್ಲ ನಮ್ಮ ಕಾಕು. ಕಾಕಾ ಮತ್ತೆ ಹೋಗಿ ಕುಳಿತರು. ಅಲ್ಲಿಂದ ಮುಂದೆ ಎಷ್ಟು ರೆಂಡರ್ ಆದವೋ ಆ ಕಂಪ್ಯೂಟರಿಗೇ ಗೊತ್ತು. ಅವರು ತಮಾಷೆ ಮಾಡುವುದನ್ನೂ ಬಿಟ್ಟರು.

ಒಂದು ಬೆಳಿಗ್ಗೆ ಕಾಕುವಿಗೆ ಬಿಸಿ ಹಾಲು ಕೊಟ್ಟೆ. ಲೋಟದೊಳಗೆ ಇಣುಕಿ, "ಅರಿಷಿಣಾ ಯಾಕ ಹಾಕಿದಿ? ನನಗೇನೂ ಕೆಮ್ಮಿಲ್ಲಲ್ಲ" ಎಂದರು.

ನಾನು ಹಾಲಿಗೆ ಏನೂ ಹಾಕಿರಲಿಲ್ಲ.

ಕಾಕಾನ ಬಳಿ ಹೋಗಿ ಹೇಳಿದೆ. ಅವರು ಎದ್ದು, ಟ್ರಂಕಿನಿಂದ ಆ ಸೀರೆಯನ್ನೇ ತೆಗೆದು, ಕಿಟಕಿಯ ಬಿಸಿಲಿಗೆ ಹರಡಿದರು. "ಇದರ ಬಣ್ಣ ಹೆಂಗೈತಿ ಹೇಳ."

ಕಾಕು ಸೆರಗಿನ ಮೇಲೆ ಕೈಯಾಡಿಸಿದರು. "ಇದೂ ಮಂಕಾಗೇತಲ್ರೀ. ಟ್ರಂಕಿನ್ಯಾಗ ಇಟ್ಟು ಕೆಡಿಸೀರಿ."

ಬಾಗಲಕೋಟೆಯ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಬರುವಾಗ ಬಸ್ಸಿನಲ್ಲಿ ಕಾಕಾ ಸೆಟ್ಟಿಂಗಿನ ಮಾತೇ ಎತ್ತಲಿಲ್ಲ. ಕಾಕುವಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು, ಅಷ್ಟೇ.

ಎರಡೂ ಕಣ್ಣಿನ ಆಪರೇಷನ್ ಮುಗಿದು, ಕಣ್ಣ ಮೇಲಿನ ಹಸಿರು ಪರದೆ ತೆಗೆದ ಮೇಲೆ ನಾನೇ ವಿಡಿಯೋ ಹಚ್ಚಿದೆ. ಹೊಸದಲ್ಲ, ಹತ್ತು ಬಿಟ್ಟಿನ ಆ ಮೊದಲನೆಯದೇ. ಆಕಾಶ ಹೋಗಿ ಸೆರಗು ಬಂತು. ಕಾಕುವಿನ ಕೈ ತನ್ನಷ್ಟಕ್ಕೆ ಲಾಳಿ ಹಿಡಿದಂತೆ ಎದ್ದಿತು.

"ಹೌದ್ರಿ, ಇದು ನಮ್ಮ ಕೆಂಪು!"

ಹೇಳುತ್ತ ಗಂಡನ ಕಡೆ ತಿರುಗಿದರು. ಕೈ ಚಾಚಿ ಅವರ ಕಿವಿಯ ಮೇಲಿನ ಕೂದಲನ್ನು ಮುಟ್ಟಿದರು.

"ಅಯ್ಯ... ಯಾವಾಗ ಇಷ್ಟು ಬೆಳ್ಳಗಾದ್ರಿ?"

ವಿಡಿಯೋ ತನ್ನ ಪಾಡಿಗೆ ಓಡಿ ಮುಗಿಯಿತು. ಇಬ್ಬರೂ ನೋಡಿರಲಿಲ್ಲ. ನಾನು ಸದ್ದಾಗದಂತೆ ಮತ್ತೆ ಮೊದಲಿನಿಂದ ಹಚ್ಚಿ, ಹೊರಗೆ ಬಂದೆ.