ದ್ಯಾಮಣ್ಣ ಮಾವನ ರುಮಾಲಿನ ಮೇಲಿದ್ದ ಪ್ರಶ್ನೆಪತ್ರಿಕೆ

ಈ ಲೋಕದ ಸಮಸ್ತ ಕಂಪ್ಯೂಟರುಗಳ ಮುಖ ತೊಳೆದು ಶುಭ್ರ ಮಾಡದೆ ವಿರಮಿಸುವುದಿಲ್ಲ ಎಂದು ನಾನು ಪಣ ತೊಟ್ಟದ್ದು ಒಂದು ಶುಕ್ರವಾರ ಮಧ್ಯಾಹ್ನ, ಹೊಟ್ಟೆ ಬಿರಿಯುವಷ್ಟು ಊಟ ಮಾಡಿದ ಮೇಲೆ. ಲೋಕ ದೊಡ್ಡದು, ಎಲ್ಲಿಂದ ಶುರು ಮಾಡುವುದು ಎಂಬ ಪ್ರಶ್ನೆ ಬಂತು. ನಡುಮನೆಯ ಮೂಲೆಯಲ್ಲಿ ನಮ್ಮ ಮನೆಯ ಕಂಪ್ಯೂಟರ್ ಕೂತಿತ್ತು. ಅದರಿಂದಲೇ ಶುರು ಮಾಡಿದೆ. ಲೋಕ ಬಚಾವಾಯಿತು. ನಾನು ಆಗಲಿಲ್ಲ.

ನನ್ನ ಹೆಸರು ಪಂಚಾಕ್ಷರಿ. ಪೀಣ್ಯದ ಒಂದು ವಾಲ್ವ್ ಫ್ಯಾಕ್ಟರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಅಂದರೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಅದನ್ನೂ ಮರೆತಾಗ ಮತ್ತೊಂದು ಕೊಡುವುದು. ಇದು ಹೊಟ್ಟೆಪಾಡು. ಉಳಿದ ವೇಳೆಯಲ್ಲಿ ನಾನೊಬ್ಬ ಸ್ವತಂತ್ರ ತಂತ್ರಾಂಶ ನಿರ್ಮಾಪಕ. ನನಗೆ ಮೇಲಧಿಕಾರಿ ಇಲ್ಲ, ಗಡುವಿಲ್ಲ, ಹೇಳಿಕೊಳ್ಳುವಂಥ ಬಳಕೆದಾರರೂ ಇಲ್ಲ.

ಇಂಟರ್ನೆಟ್ಟಿನಲ್ಲಿ ನಮ್ಮದೊಂದು ಕೂಟವಿದೆ. ಕಂಪ್ಯೂಟರ್ ಪರದೆಯನ್ನು ಸಿಂಗರಿಸುವ ಹುಚ್ಚು ಹಿಡಿದ ನಾಲ್ಕು ಸಾವಿರ ಜನ ಅದರಲ್ಲಿದ್ದೇವೆ. ರೆಡಿಮೇಡ್ ಅಂಗಿ ಹಾಕದೆ ಹೊಲಿಸಿಯೇ ಹಾಕುವವರಿರುತ್ತಾರಲ್ಲ, ಆ ಜಾತಿ. ಪರದೆಯ ಗಡಿಯಾರ ಬದಲಿಸುತ್ತೇವೆ, ಐಕಾನು ಬದಲಿಸುತ್ತೇವೆ, ಅದಕ್ಕೆ ಬೇಕಾದ ಸಣ್ಣಪುಟ್ಟ ತಂತ್ರಾಂಶಗಳನ್ನು ನಾವೇ ಬರೆದು ಒಬ್ಬರಿಗೊಬ್ಬರು ಹಂಚುತ್ತೇವೆ. ಕೂಟದಲ್ಲಿ ಒಂದು ಪದ್ಧತಿ ಮಾತ್ರ ಕಟ್ಟುನಿಟ್ಟು. ಹೊಸ ತಂತ್ರಾಂಶ ಬಿಡುವವನು ‘ಮೊದಲು’ ಮತ್ತು ‘ಆಮೇಲೆ’ ಎಂದು ಎರಡು ಚಿತ್ರ ಹಾಕಲೇಬೇಕು. ‘ಮೊದಲು’ ಎಷ್ಟು ಕೊಳಕಾಗಿರುತ್ತದೋ ‘ಆಮೇಲೆ’ಗೆ ಅಷ್ಟು ಕಳೆ.

ಹನ್ನೊಂದು ತಿಂಗಳು ತಲೆ ಕೆಡಿಸಿಕೊಂಡು ನಾನು ಬರೆದ ತಂತ್ರಾಂಶದ ಹೆಸರು ‘ಬಯಲು’. ಶರಣರ ಮನೆತನದವನು, ಹೆಸರಿನಲ್ಲಾದರೂ ತತ್ವ ಇರಲಿ ಎಂದು. ಅದರ ಕೆಲಸ ಇಷ್ಟೇ: ಒಂದು ಗುಂಡಿ ಒತ್ತಿದರೆ ಪರದೆಯ ಮೇಲಿನ ಚಿತ್ರ ಹೋಗಿ ವಿಭೂತಿ ಬಣ್ಣ ಬರುತ್ತದೆ. ಐಕಾನುಗಳೆಲ್ಲ ಪುಟ್ಟ ಚುಕ್ಕಿಗಳಾಗಿ ಕೆಳಗೆ ಸಾಲಾಗಿ ನಿಲ್ಲುತ್ತವೆ. ಹೆಸರುಗಳು ಮಾಯ. ಫೈಲುಗಳ ತಾರೀಕುಗಳೂ ಅಡ್ಡಾದಿಡ್ಡಿ ಕಂಡವೆಂದು ಎಲ್ಲಕ್ಕೂ ಒಂದೇ ತಾರೀಕು ಬೀಳುವಂತೆ ಮಾಡಿದ್ದೆ. ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯನ್ನೂ ಕಸವೆಂದು ಗುಡಿಸಿ ಹಾಕಿಸಿದ್ದೆ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು!

‘ಮೊದಲು’ ಚಿತ್ರಕ್ಕೆ ಕೊಳಕು ಪರದೆ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಮನೆಯ ಕಂಪ್ಯೂಟರ್ ಬಳಸುವವಳು ನನ್ನ ಹೆಂಡತಿ ಹೇಮಲತಾ. ಹೆಸರಘಟ್ಟ ರಸ್ತೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಐದು ವರ್ಷದಿಂದ ತಾತ್ಕಾಲಿಕ. ಈ ವರ್ಷ ಕಾಯಂ ಆಗುವ ಮಾತಿತ್ತು, ಅದಕ್ಕೆ ಮುಂಚೆ ಕೈ ನೋಡೋಣವೆಂದು ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸವನ್ನು ಎಚ್ಚೆಮ್ ಮೇಡಂ ಅವಳಿಗೆ ವಹಿಸಿದ್ದರು.

ಅವಳ ಪರದೆಯ ತುಂಬ ಒಂದು ಫೋಟೋ. ರಾಣೆಬೆನ್ನೂರಿನಲ್ಲಿ ಅವಳ ತಮ್ಮನ ಮನೆಯ ಗೃಹಪ್ರವೇಶದ ದಿನ ತೆಗೆದದ್ದು. ಹದಿನೇಳು ಜನ ನೆಂಟರು ಮೆಟ್ಟಿಲ ಮೇಲೆ ನಿಂತಿದ್ದಾರೆ, ಅವರ ರುಮಾಲು, ಸೆರಗು, ಹೊಟ್ಟೆ, ಮಡಿಲುಗಳ ಮೇಲೆಲ್ಲ ನೂರಾ ಅರವತ್ತಮೂರು ಫೈಲುಗಳು. ಬಲತುದಿಯಲ್ಲಿ ಶಲ್ಯ ಹೊದ್ದು ನಿಂತ ನನ್ನ ಮುಖದ ಮೇಲೆ ಮಾತ್ರ ಏನೂ ಇಲ್ಲ. ಅದರ ಚಿತ್ರ ತೆಗೆದು ಕೂಟಕ್ಕೆ ಹಾಕಿ, ಕೆಳಗೆ ಹೀಗೆ ಬರೆದೆ: “ಮೊದಲು: ತಿಪ್ಪೆ. ಹದಿನಾರು ಜನರ ಮೇಲೆ ಕಸ. ಹದಿನೇಳನೆಯವನದು ಯಾರೂ ಉಪಯೋಗಿಸದ ಖಾಲಿ ಸೈಟು.” ನನ್ನ ಹಾಸ್ಯಕ್ಕೆ ನಾನೇ ನಕ್ಕೆ. ನಂತರ ಗುಂಡಿ ಒತ್ತಿದೆ.

ಶನಿವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಹೇಮಲತಾ ತಲೆಗೆ ಟವೆಲ್ ಸುತ್ತಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಬೀದಿ ಕೊನೆಯ ಶ್ಯಾಮಣ್ಣನ ಜೆರಾಕ್ಸ್ ಅಂಗಡಿಯಲ್ಲಿ ಎಂಬತ್ತು ಪ್ರತಿ ತೆಗೆಸಿ, ಹನ್ನೊಂದಕ್ಕೆ ಪರೀಕ್ಷೆ ಶುರು ಮಾಡಿಸಬೇಕಿತ್ತು.

“ರೀ, ಕಂಪ್ಯೂಟರ್ ಕೆಟ್ಟೋಗಿದೆ. ಬರೀ ಬೂದಿ ಕಾಣ್ತಿದೆ.”

“ಕೆಟ್ಟಿಲ್ಲ ಹೇಮಾ. ಇಷ್ಟು ದಿನ ಕೆಟ್ಟಿತ್ತು, ಈಗ ಸರಿಹೋಗಿದೆ,” ಎಂದು ನಾನು ಕಾಫಿ ಲೋಟ ಹಿಡಿದು ಗಂಭೀರವಾಗಿ ಬಂದೆ.

“ನನ್ನ ಫೈಲ್‌ಗಳು?”

“ಕೆಳಗೆ ಚುಕ್ಕಿ ಇದ್ಯಲ್ಲ, ಅವೇ. ಒಂದೇ ಅಳತೆ, ಒಂದೇ ಬಣ್ಣ. ಮೇಲು ಕೀಳು ಅನ್ನೋದೇ ಇಲ್ಲ ನೋಡು.”

“ಸರಿ. ಇದ್ರಲ್ಲಿ ಪ್ರಶ್ನೆಪತ್ರಿಕೆ ಯಾವ ಚುಕ್ಕಿ?”

“ಹೆಸರೇನಿಟ್ಟಿದ್ದೆ?”

“ಹೆಸರ್ಯಾಕಿಡ್ಲಿ? ಅದು ದ್ಯಾಮಣ್ಣ ಮಾವನ ರುಮಾಲಿನ ಮೇಲಿತ್ತು.”

ಆಗ ಬೆಳಕಿಗೆ ಬಂತು ನೋಡಿ, ನಮ್ಮ ಮನೆಯಲ್ಲಿ ಐದು ವರ್ಷದಿಂದ ನಡೆದುಕೊಂಡು ಬಂದಿದ್ದ ಆಡಳಿತ ವ್ಯವಸ್ಥೆ. ದ್ಯಾಮಣ್ಣ ಮಾವ ನಿವೃತ್ತ ಮೇಷ್ಟ್ರು, ಆದ್ದರಿಂದ ಪ್ರಶ್ನೆಪತ್ರಿಕೆ ಅವರ ತಲೆಯ ಮೇಲೆ. ದಾನೇಶ್ವರಿ ಚಿಕ್ಕಮ್ಮ ಊರಿಗೆಲ್ಲ ಸುದ್ದಿ ಮುಟ್ಟಿಸುವವರು, ಆದ್ದರಿಂದ ಶಾಲೆಯ ಸುತ್ತೋಲೆಗಳು ಅವರ ಮಡಿಲಲ್ಲಿ. ಮುದಕಪ್ಪಜ್ಜನಿಗೆ ಎಲ್ಲದರಲ್ಲೂ ತಪ್ಪು ಹುಡುಕುವ ಚಟ, ಆದ್ದರಿಂದ ಮಕ್ಕಳ ಅಂಕಪಟ್ಟಿ ಅಜ್ಜನ ಕೋಲಿನ ಬುಡದಲ್ಲಿ. ಎಲ್ಲಿ ಏನಿದೆಯೆಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಹಾಗಾಗಿ ಯಾವ ಫೈಲಿಗೂ ಅವಳು ಹೆಸರಿಟ್ಟಿರಲಿಲ್ಲ. ಕಂಪ್ಯೂಟರ್ ತಾನಾಗಿ ಕೊಟ್ಟ ‘ನ್ಯೂ ಡಾಕ್ಯುಮೆಂಟ್’ ಎಂಬ ಹೆಸರು, ಮುಂದೊಂದು ಸಂಖ್ಯೆ.

“ಗಾಬರಿ ಆಗ್ಬೇಡ. ತಾರೀಕಿನ ಪ್ರಕಾರ ಜೋಡಿಸಿದ್ರೆ ಹೊಸದು ಮೇಲೆ ಬರುತ್ತೆ,” ಎಂದೆ. ಜೋಡಿಸಿದೆ. ನೂರಾ ಅರವತ್ತಮೂರೂ ಶುಕ್ರವಾರ ಸಂಜೆ ನಾಲ್ಕು ಹತ್ತಕ್ಕೆ ಹುಟ್ಟಿದ್ದವು. ಒಂದೇ ತಾರೀಕು ಬೀಳುವಂತೆ ಮಾಡಿದ ಮಹಾನುಭಾವ ಯಾರೆಂದು ನಾನು ಹೇಳಲಿಲ್ಲ.

“ಒಳಗಿನ ಪದ ಕೊಟ್ಟು ಹುಡುಕೋಣ. ಪ್ರಶ್ನೆಯಲ್ಲಿ ಏನಿದೆ?”

“ಸಂಧಿ ಬಿಡಿಸಿ ಅಂತಿದೆ.”

ಸಂಧಿ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಅವಳ ಶಾಲೆಯ ಆಫೀಸಿನವರು ಓಬೀರಾಯನ ಕಾಲದ ಕನ್ನಡ ಅಕ್ಷರಶೈಲಿಯನ್ನೇ ಇನ್ನೂ ಬಳಸುತ್ತಾರೆ, ಅವಳೂ ಅದರಲ್ಲೇ ಟೈಪ್ ಮಾಡುತ್ತಾಳೆ. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿನ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

“ವಾಪಸ್ ಮೊದಲಿನ ಥರ ಮಾಡೋಕೆ ಏನೂ ಇಟ್ಟಿಲ್ವಾ?”

ಇಟ್ಟಿದ್ದೆ. ‘ಮೊದಲಿನಂತೆ ಮಾಡು’ ಎಂಬ ಚೆಂದದ ಗುಂಡಿಯನ್ನು ಮೂಲೆಯಲ್ಲಿ ಇಟ್ಟಿದ್ದೆ. ಅವಳು ಒತ್ತಿದಳು. ಪರದೆಯ ಮೇಲೆ ಒಂದು ಸಂದೇಶ ಮೂಡಿತು: ಈ ಸೌಲಭ್ಯ ಎರಡನೇ ಆವೃತ್ತಿಯಲ್ಲಿ ಬರಲಿದೆ. ನಿಮ್ಮ ತಾಳ್ಮೆಗೆ ವಂದನೆಗಳು.

“ಯಾರ್ರೀ ಇದು ವಂದನೆ ಹೇಳ್ತಿರೋನು?”

“ನಾನೇ.”

ಅಷ್ಟರಲ್ಲಿ ದೇವರ ಕೋಣೆಯಿಂದ ನಮ್ಮತ್ತೆ ಗಂಗಮ್ಮ ಹೊರಗೆ ಬಂದರು. ಹದಿನೈದು ದಿನ ಇದ್ದು ಹೋಗಲು ರಾಣೆಬೆನ್ನೂರಿನಿಂದ ಬಂದವರು. ದಿನಾ ಪೂಜೆ ಮುಗಿಸಿ ಆ ಫೋಟೋದಲ್ಲಿ ತಮ್ಮ ಅಣ್ಣ ದ್ಯಾಮಣ್ಣನ ಮುಖ ನೋಡುವುದು ಅವರ ರೂಢಿ.

“ಯವ್ವಾ, ನಮ್ಮಣ್ಣ ಎಲ್ಲಿ ಹೋದಾ?”

“ನಿನ್ನ ಅಳಿಯ ಒರೆಸಿ ಹಾಕಿದಾರಮ್ಮ. ಎಲ್ಲರನ್ನೂ,” ಎಂದಳು ಹೇಮಲತಾ.

ಫೋಟೋವನ್ನು ವಾಪಸ್ ಹಾಕಿದೆ. ನೆಂಟರೆಲ್ಲ ಬಂದರು, ಬರಿಗೈಲಿ. ಯಾರ ಮೈಮೇಲೂ ಒಂದು ಫೈಲಿಲ್ಲ. ದ್ಯಾಮಣ್ಣ ಮಾವನ ರುಮಾಲು ಇಸ್ತ್ರಿ ಮಾಡಿದಷ್ಟು ಚೊಕ್ಕಟವಾಗಿತ್ತು.

ಉಳಿದದ್ದು ಒಂದೇ ದಾರಿ, ಒಂದೊಂದೇ ಚುಕ್ಕಿ ತೆರೆದು ನೋಡುವುದು. ನಮ್ಮ ಹಳೆ ಕಂಪ್ಯೂಟರ್ ಒಂದು ಫೈಲು ತೆರೆಯಲು ಒಂದು ನಿಮಿಷ ತೆಗೆದುಕೊಳ್ಳುತ್ತದೆ. ಮೊದಲನೆಯದು ಶಾರದಾ ಪೂಜೆಯ ಪ್ರಸಾದದ ಪಟ್ಟಿ. ಎರಡನೆಯದು ಏಳನೇ ತರಗತಿಯ ಹಳೆಯ ಪ್ರಶ್ನೆಪತ್ರಿಕೆ. ಮೂರನೆಯದೂ ಅದೇ. ಒಂಬತ್ತೂಕಾಲರ ಹೊತ್ತಿಗೆ ಹತ್ತೊಂಬತ್ತು ಚುಕ್ಕಿ ಮುಗಿದಿದ್ದವು. ಅವಳ ಫೋನ್ ಬಡಿದುಕೊಂಡಿತು.

“ಹೂಂ ಮೇಡಂ... ಪ್ರಿಂಟ್ ಆಗ್ತಾ ಇದೆ ಮೇಡಂ... ಇಲ್ಲ ಮೇಡಂ, ತಡ ಆಗಲ್ಲ.”

ಫೋನ್ ಕೆಳಗಿಟ್ಟವಳ ಕಣ್ಣಲ್ಲಿ ನೀರಿತ್ತು. “ಐದು ವರ್ಷ ರೀ. ಒಂದು ದಿನ ಲೇಟಾಗಿ ಹೋಗಿಲ್ಲ, ಒಂದು ತಪ್ಪು ಅನ್ನಿಸ್ಕೊಂಡಿಲ್ಲ. ಇವತ್ತು ಎಂಬತ್ತು ಮಕ್ಕಳ ಮುಂದೆ ಏನಂತ ನಿಂತ್ಕೊಳ್ಲಿ?”

ಅಲ್ಲಿಯವರೆಗೆ ನನಗೆ ಮುಜುಗರ ಮಾತ್ರ ಆಗಿತ್ತು. ಆ ಮಾತು ಕೇಳಿದ ಮೇಲೆ ಮಾಡಿದ್ದೇನೆಂದು ಅರ್ಥವಾಯಿತು. ಅವಳ ಅನ್ನಕ್ಕೆ ಕಲ್ಲು ಹಾಕಲು ಹನ್ನೊಂದು ತಿಂಗಳು ಕಷ್ಟಪಟ್ಟ ಹಾಗಾಗಿತ್ತು ನನ್ನ ಕಥೆ.

ಅತ್ತೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು. “ಅಳಿಯಾವ್ರ, ನಮ್ಮ ಮನ್ಯಾಗ ಸುಣ್ಣ ಹಚ್ಚೂಮುಂದ ಯಾವ ಪಾತ್ರಿ ಎಲ್ಲಿತ್ತು ಅಂತ ಫೋನಿನ್ಯಾಗ ಒಂದು ಫೋಟೋ ಹೊಡ್ಕೊಂಡ ಇಳಸ್ತೀವಿ. ನೀವು ಹೊಡ್ಕೊಂಡಿಲ್ಲೇನ್ರೀ?”

ಹೊಡೆದುಕೊಂಡಿದ್ದೆ! ಹೆಸರು, ಸಂಖ್ಯೆ, ರುಮಾಲು ಸಮೇತ. ಮೂಲಚಿತ್ರವನ್ನು ಅದೇ ಪರದೆಯ ಮೇಲೆ ಇಟ್ಟಿದ್ದರಿಂದ ಅದೂ ಒಂದು ಚುಕ್ಕಿಯಾಗಿಹೋಗಿತ್ತು. ಇನ್ನು ಅದು ಇದ್ದದ್ದು ಒಂದೇ ಕಡೆ, ನಾಲ್ಕು ಸಾವಿರ ಜನರ ಕೂಟದಲ್ಲಿ. ‘ತಿಪ್ಪೆ’ ಎಂಬ ನನ್ನ ಸ್ವಂತ ಬರವಣಿಗೆಯ ನೆತ್ತಿಯ ಮೇಲೆ. ತೋರಿಸಿದರೆ ನನ್ನ ಗತಿ ಏನು ಎಂದು ಅರ್ಧ ನಿಮಿಷ ಯೋಚಿಸಿದೆ. ಅವಳು ಇಪ್ಪತ್ತನೆಯ ಚುಕ್ಕಿ ಒತ್ತುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಫೋನ್ ತೆಗೆದೆ.

“ಹೇಮಾ, ಇಲ್ನೋಡು. ಮಾವನ ರುಮಾಲು,” ಎಂದು ಕೆಳಗಿನ ಬರಹವನ್ನು ಹೆಬ್ಬೆರಳಿನಿಂದ ಭದ್ರವಾಗಿ ಮುಚ್ಚಿ ಹಿಡಿದೆ.

“ಕಾಣ್ತಿಲ್ಲ, ಕೊಡಿ ಇಲ್ಲಿ. ಬೆರಳು ತೆಗೀರಿ.”

“ಹೀಗೇ ನೋಡು, ಸಾಕು.”

“ಬೆರಳು ತೆಗೀರಿ ಅಂದೆ.”

ತೆಗೆದೆ. ಅವಳು ಚಿತ್ರವನ್ನು ಹಿಗ್ಗಿಸಿ ರುಮಾಲಿನ ಮೇಲಿನ ಸಂಖ್ಯೆ ಓದಿದಳು. ಮೂವತ್ತೇಳು. ನಂತರ ಅವಳ ಕಣ್ಣು ಕೆಳಗಿಳಿಯಿತು, ಅಲ್ಲಿಯೂ ಎಲ್ಲವನ್ನೂ ಓದಿದಳು. ಫೋನನ್ನು ನನ್ನ ಕೈಗಿಟ್ಟು, ಆ ಸಂಖ್ಯೆ ಕೊಟ್ಟು ಹುಡುಕಿ ಮೂವತ್ತೇಳನ್ನು ತೆರೆದಳು. ‘ಕೆಳಗಿನ ಪದಗಳ ಸಂಧಿ ಬಿಡಿಸಿರಿ’ ಎಂದು ಪ್ರಶ್ನೆಪತ್ರಿಕೆ ಬಂತು.

ಶ್ಯಾಮಣ್ಣನಲ್ಲಿ ಎಂಬತ್ತು ಪ್ರತಿ ತೆಗೆಸಿಕೊಂಡು ನಾನು ಅವಳನ್ನು ಸ್ಕೂಟರಿನಲ್ಲಿ ಶಾಲೆಯ ಗೇಟಿಗೆ ಮುಟ್ಟಿಸಿದಾಗ ಹತ್ತೂಮುಕ್ಕಾಲು.

ಸಂಜೆ ಬಂದವಳು ಚೀಲ ಇಟ್ಟು, “ಪೇಪರ್ ಚೆನ್ನಾಗಿದೆ ಅಂದ್ರು ಮೇಡಂ. ಸೋಮವಾರ ಕಾಯಂ ಆರ್ಡರ್ ಕೊಡ್ತಾರಂತೆ,” ಎಂದು ಅಮ್ಮನಿಗೆ ಹೇಳಿದಳು. ನನಗೆ ಹೋದ ಜೀವ ಬಂತು. ಆಮೇಲೆ ನನ್ನ ಫೋನಿಗಾಗಿ ಕೈ ಚಾಚಿದಳು. ಕೂಟದವರು ಬರೆದದ್ದನ್ನು ಅಮ್ಮನಿಗೆ ಕನ್ನಡ ಮಾಡಿ ಗಟ್ಟಿಯಾಗಿ ಓದತೊಡಗಿದಳು.

“‘ಆಮೇಲೆ’ ಬೇಡ, ‘ಮೊದಲು’ ಎಲ್ಲಿ ಸಿಗುತ್ತೆ ಅಂತ ಕೇಳಿದಾರೆ. ಇನ್ನೊಬ್ರು, ಮನುಷ್ಯರನ್ನೇ ಕಪಾಟು ಮಾಡಿದಾರಲ್ಲ, ಯಾರಿದನ್ನ ಮಾಡಿದ ಕಲಾವಿದರು ಅಂತ. ರುಮಾಲಿನ ಅಜ್ಜ ಇರೋ ಪರದೆ ನಮಗೂ ಕೊಡಿ ಅಂತ ಒಬ್ರು ಬರೆದಿದ್ದಕ್ಕೆ ಒಂಬೈನೂರು ಜನ ಲೈಕ್ ಒತ್ತಿದಾರಮ್ಮ.”

“ನಮ್ಮಣ್ಣನ್ನಾ?” ಅತ್ತೆಯ ಮುಖ ಅರಳಿತು. “ಅಳಿಯಾವ್ರು ಬರದದ್ದನ್ನ ಎಷ್ಟು ಮಂದಿ ಕೇಳ್ಯಾರ?”

ಬಯಲನ್ನು ಇಳಿಸಿಕೊಂಡವರು ಮೂವರು. ಒಬ್ಬ ನಾನು, ಮನೆಯಿಂದ. ಇನ್ನೊಬ್ಬ ನಾನು, ಫ್ಯಾಕ್ಟರಿಯಿಂದ. ಮೂರನೆಯವನು ಯಾರೋ ಪುಣ್ಯಾತ್ಮ, ಇದನ್ನು ತೆಗೆಯುವುದು ಹೇಗೆಂದು ಕೇಳಿ ಬರೆದಿದ್ದ.

ಅತ್ತೆ ಒಳಗೆ ಹೋದ ಮೇಲೆ ಹೇಮಲತಾ ಫೋನ್ ವಾಪಸ್ ಕೊಟ್ಟಳು. “ಖಾಲಿ ಸೈಟು ಅಂತ ಬರ್ದಿದೀರಲ್ಲ.”

“ತಮಾಷೆಗೆ ಕಣೇ.”

“ಎಲ್ಲರ ಮೇಲೂ ಫೈಲ್ ಇಟ್ಟು ನಿಮ್ಮ ಮುಖ ಒಂದನ್ನ ಬಿಟ್ಟಿದ್ದೆ. ಕೆಲಸ ಮಾಡ್ತಾ ಮಾಡ್ತಾ ಕಣ್ಣಿಗೆ ಕಾಣ್ಲಿ ಅಂತ.”

ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ನನಗೆ ಹೇಳಿದ ಅತಿ ದೊಡ್ಡ ಪ್ರೀತಿಯ ಮಾತು ಅದು. ಅದನ್ನು ಕೇಳಿಸಿಕೊಳ್ಳುವಾಗ ನೆಲ ನೋಡುತ್ತ ನಿಲ್ಲಬೇಕಾಯಿತಲ್ಲ ಎಂದು ತುಂಬ ನಾಚಿಕೆಯಾಯಿತು. ಕ್ಷಮಿಸು ಎಂದೆ. ಹೂಂ ಎಂದಳು.

ಭಾನುವಾರ ತಾಯಿ ಮಗಳು ಕೂತು, ಕೂಟದ ಚಿತ್ರ ನೋಡಿಕೊಂಡು, ನೂರಾ ಅರವತ್ತಮೂರನ್ನೂ ಮೊದಲಿದ್ದ ಜಾಗಕ್ಕೆ ಸೇರಿಸಿದರು. ಕಾಫಿ ಸರಬರಾಜು ನನ್ನದು. ಕಂಪ್ಯೂಟರನ್ನು ಮುಟ್ಟಲು ನನಗೆ ಅನುಮತಿ ಇರಲಿಲ್ಲ. ಮಧ್ಯಾಹ್ನ, “ಬನ್ನಿ, ನೋಡಿ” ಎಂಬ ಕರೆ ಬಂದಾಗ ಒಂಬೈನೂರು ಜನ ಮೆಚ್ಚಿದ ಆ ಪರದೆಯ ಮುಂದೆ ಕೈಕಟ್ಟಿ ನಿಂತೆ. ಸುತ್ತೋಲೆ ಚಿಕ್ಕಮ್ಮನ ಮಡಿಲಲ್ಲಿ, ಅಂಕಪಟ್ಟಿ ಅಜ್ಜನ ಕೋಲಿನ ಬುಡದಲ್ಲಿ, ಪ್ರಶ್ನೆಪತ್ರಿಕೆ ಮಾವನ ರುಮಾಲಿನ ಮೇಲೆ. ಎಲ್ಲ ಸರಿಯಾಗಿತ್ತು. ಬಲತುದಿಗೆ ಬಂದಾಗ ನನ್ನ ಮುಖ ಕಾಣಲಿಲ್ಲ. ಶಲ್ಯ ಇತ್ತು, ಅದರ ಮೇಲೆ ಕುತ್ತಿಗೆ ಇತ್ತು, ಕುತ್ತಿಗೆಯ ಮೇಲೆ ಕಂಪ್ಯೂಟರಿನ ಕಸದ ಬುಟ್ಟಿ ಕೂತಿತ್ತು.

“ಹೇಮಾ, ಇದ್ಯಾಕೆ ಇಲ್ಲಿಟ್ಟೆ?”

ಅವಳು ಕಿಟಕಿಯ ಕಡೆ ಕೈ ತೋರಿಸಿದಳು. ನಮ್ಮ ಬಾಗಲಗುಂಟೆ ಮನೆಯ ಪಕ್ಕದ ಜಾಗದಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿ, ಪ್ಲಾಸ್ಟಿಕ್ ಕವರೊಂದನ್ನು ಬೀಸಿ ಎಸೆದು ಹೋಗುತ್ತಿದ್ದರು.

“ಖಾಲಿ ಸೈಟ್ ಕಂಡ್ರೆ ಈ ಊರಲ್ಲಿ ಜನ ಇನ್ನೇನು ತಂದು ಹಾಕ್ತಾರೆ ರೀ?”